ಗಾಯ ಮಾಯಿತು, ಕಲೆ ಮಾತ್ರ ಬೆಳೆಯುತ್ತಲೇ ಇದೆ: ಉಬ್ಬಿದ ಕಲೆಗೆ ಏನೇನು ಚಿಕಿತ್ಸೆ ಇದೆ?

ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ನನ್ನ ಅಕ್ಕನ ಮಗಳು ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡಳು. ಬಳೆ ಅಂಗಡಿಗಳ ಸಾಲಿನಲ್ಲಿ ಗನ್ ಇಟ್ಟು ಟಕ್ ಅಂತ ಹೊಡೆಯುತ್ತಾರಲ್ಲ, ಅಲ್ಲಿ. ಹದಿನೈದು ದಿನ ಸ್ವಲ್ಪ ಕೀವಾಯಿತು, ಆಮೇಲೆ ಒಣಗಿತು. ಎಲ್ಲರೂ ಮರೆತೆವು. ಮಳೆಗಾಲ ಮುಗಿಯುವಾಗ ತೂತಿನ ಹಿಂದೆ ಕಾಳುಮೆಣಸಿನಷ್ಟು ಗಂಟು ಕಂಡಿತು. ದೀಪಾವಳಿಗೆ ಅದು ಕಡಲೆಕಾಳಿನಷ್ಟಾಗಿತ್ತು.

"ಎಂತಾತೆ ಕೂಸೆ, ತೋರ್ಸು ನೋಡನ" ಅಂತ ಆಯಿ ಕಿಟಕಿ ಹತ್ತಿರ ಕೂರಿಸಿಕೊಂಡು ಕೂದಲು ಸರಿಸಿದಳು. ಬೆಳಕಿಗೆ ಹಿಡಿದರೆ ಆ ಗಂಟಿನ ಮೇಲಿನ ಚರ್ಮ ಉಬ್ಬಿಸಿದ ಬಲೂನಿನ ಹಾಗೆ ಬಿಗಿದು ಮಿನುಗುತ್ತಿತ್ತು. ಒಂದು ಗೆರೆ ಇಲ್ಲ, ಒಂದು ರೋಮ ಇಲ್ಲ. ಮುಟ್ಟಿದರೆ ಗಟ್ಟಿ. ರಾತ್ರಿ ತುರಿಕೆ, ಆ ಮಗ್ಗುಲಲ್ಲಿ ಮಲಗೋಕಾಗಲ್ಲ ಅಂದಳು. ಎಷ್ಟು ದಿನದಿಂದ ಕೂದಲು ಇಳಿಬಿಟ್ಟು ಅದನ್ನು ಮುಚ್ಚಿಕೊಂಡು ಓಡಾಡುತ್ತಿದ್ದಳೋ.

ಒಂದು ಕಡೆ ತೋರಿಸಿದೆವು. "ಸಣ್ಣ ಗಂಟು, ತೆಗೆದುಬಿಡೋಣ" ಅಂತ ಅರಿವಳಿಕೆ ಕೊಟ್ಟು ಕತ್ತರಿಸಿದರು. ಹತ್ತು ನಿಮಿಷದ ಕೆಲಸ. ಆರು ತಿಂಗಳಲ್ಲಿ ಅದು ವಾಪಸ್ ಬಂತು, ಈ ಸಲ ಸಣ್ಣ ಅಡಿಕೆಯಷ್ಟು ದೊಡ್ಡದಾಗಿ. ಆಗಲೇ ನಮಗೆ ಕೀಲಾಯ್ಡ್ ಅನ್ನುವ ಹೆಸರು ಗೊತ್ತಾದದ್ದು.

ಜಾತ್ರೆ ಮುಗಿದು ಏಳೆಂಟು ತಿಂಗಳಾದ ಮೇಲೆ ನಮ್ಮ ಕಡೆ ಈ ಪ್ರಶ್ನೆ ಜಾಸ್ತಿ ಕೇಳಿಬರುತ್ತದೆ. ಕಿವಿ ಗಂಟು, ಹಚ್ಚೆ ಹಾಕಿಸಿದ ಜಾಗದ ಉಬ್ಬು, ಸಿಸೇರಿಯನ್ ಹೊಲಿಗೆಯ ಉಬ್ಬು. "ದುರ್ಮಾಂಸ ಬೆಳೆದಿದೆ, ಕೊಯ್ಯಿಸಿಬಿಡಿ" ಅನ್ನುವ ಸಲಹೆಯೂ ಜೊತೆಗೇ ಬರುತ್ತದೆ. ಕೊಯ್ಯಿಸುವ ಮೊದಲು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಒಡ್ಡು ಕಟ್ಟುವವರು ನಿಲ್ಲಿಸದೇ ಇದ್ದರೆ

ಅಘನಾಶಿನಿ ದಡದ ಗಜನಿ ಗದ್ದೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾಣಿಕಟ್ಟಾ ಕಡೆ ಕಗ್ಗ ಭತ್ತ ಬೆಳೆಯುವ ಗದ್ದೆಗೂ ಹೊಳೆಯ ಉಪ್ಪುನೀರಿಗೂ ನಡುವೆ ಒಡ್ಡು ಇರುತ್ತದೆ. ಅದು ಒಡೆಯಿತು ಅನ್ನಿ. ಮೊದಲ ಕೆಲಸ ಹೇಗಾದರೂ ನೀರು ತಡೆಯುವುದು. ಆಮೇಲೆ ಕಲ್ಲು, ಮಣ್ಣು ತಂದು ಸುರಿಯುವುದು. ಆ ಗಡಿಬಿಡಿಯಲ್ಲಿ ಒಡ್ಡು ಅಂಕುಡೊಂಕಾಗಿ ಉಬ್ಬಿರುತ್ತದೆ. ನೀರು ನಿಂತ ಮೇಲೆ ನಿಧಾನಕ್ಕೆ ಹೆಚ್ಚಿನ ಮಣ್ಣು ಕೆರೆದು, ಬಡಿದು ಸಮ ಮಾಡುತ್ತಾರೆ.

ಚರ್ಮವೂ ಹೀಗೇ ಮಾಡುತ್ತದೆ. ಗಾಯವಾದ ತಕ್ಷಣ ರಕ್ತ ಹೆಪ್ಪುಗಟ್ಟಿ ಸೋರಿಕೆ ನಿಲ್ಲುತ್ತದೆ. ನಂತರ ಕೆಲವು ದಿನ ಊತ, ಕೆಂಪು. ಅದು ಕಸ ತೆಗೆಯುವ, ಸೋಂಕಿನ ಜೊತೆ ಹೋರಾಡುವ ಹಂತ. ಆಮೇಲೆ ಫೈಬ್ರೊಬ್ಲಾಸ್ಟ್ ಅನ್ನುವ ಜೀವಕೋಶಗಳು ಬರುತ್ತವೆ. ಒಡ್ಡಿಗೆ ಮಣ್ಣು ಹೊರುವವರು ಇವರೇ. ಇವು ನೇಯುವ ನಾರಿನ ಹೆಸರು ಕೊಲಾಜನ್. ಗಾಯದ ಸಂದಿ ತುಂಬುವುದು ಇದೇ ನಾರಿನಿಂದ.

ಕೊನೆಯದು ಸಮ ಮಾಡುವ ಹಂತ, ಇದೇ ಎಲ್ಲಕ್ಕಿಂತ ಉದ್ದ. ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಹಿಡಿಯುತ್ತದೆ. ಮೂರು ವಾರದ ಕಲೆಗೆ ಮೊದಲಿನ ಚರ್ಮದ ಬಲದ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ಇರುತ್ತದೆ. ತಿಂಗಳುಗಳು ಕಳೆದ ಮೇಲೆ ಅದು ಶೇ. 80ರ ಹತ್ತಿರ ಬಂದು ನಿಲ್ಲುತ್ತದೆ. ಪೂರ್ತಿ ಮೊದಲಿನ ಹಾಗೆ ಎಂದೂ ಆಗುವುದಿಲ್ಲ.

ಉಬ್ಬಿದ ಕಲೆಯಲ್ಲಿ ಆಗುವುದು ಇಷ್ಟೇ. ನೀರು ನಿಂತರೂ ಮಣ್ಣು ಹೊರುವವರಿಗೆ "ಸಾಕು" ಅನ್ನುವ ಸುದ್ದಿ ಮುಟ್ಟುವುದಿಲ್ಲ. ಅವರು ಸುರಿಯುತ್ತಲೇ ಇರುತ್ತಾರೆ. ಕೆರೆದು ಸಮ ಮಾಡುವ ಕೆಲಸ ಹಿಂದೆ ಬೀಳುತ್ತದೆ.

ಎರಡು ಥರ ಇದೆ, ಬೇಲಿ ನೋಡಿ ಗುರುತಿಸಿ

ಉಬ್ಬಿದ ಕಲೆಯಲ್ಲಿ ಎರಡು ಜಾತಿ. ಈ ವ್ಯತ್ಯಾಸ ತಿಳಿಯುವುದು ಬಹಳ ಮುಖ್ಯ, ಯಾಕೆಂದರೆ ಮುಂದಿನ ದಾರಿ ಇದರ ಮೇಲೆ ನಿಂತಿದೆ.

ಮೊದಲನೆಯದು ಹೈಪರ್‌ಟ್ರೋಫಿಕ್ ಕಲೆ, ಅಂದರೆ ಅತಿಯಾಗಿ ದಪ್ಪಗಾದ ಕಲೆ. ಇದು ಗಾಯದ ಬೇಲಿ ದಾಟುವುದಿಲ್ಲ. ಎರಡು ಇಂಚು ಕೊಯ್ದಿದ್ದರೆ ಉಬ್ಬು ಆ ಎರಡು ಇಂಚಿನ ಮೇಲೇ ಇರುತ್ತದೆ. ಗಾಯವಾಗಿ ಒಂದೆರಡು ತಿಂಗಳಲ್ಲಿ ಶುರುವಾಗಿ, ಕೆಲವು ತಿಂಗಳು ಬೆಳೆದು, ನಂತರ ತಾನಾಗಿಯೇ ಇಳಿಯಲು ಶುರುವಾಗಬಹುದು. ಸುಟ್ಟ ಗಾಯದ ಉಬ್ಬು ಸಾಮಾನ್ಯವಾಗಿ ಈ ಜಾತಿ.

ಎರಡನೆಯದು ಕೀಲಾಯ್ಡ್. ಇದು ಬೇಲಿ ಹಾರುತ್ತದೆ. ಕಿವಿಯಲ್ಲಿದ್ದದ್ದು ಸೂಜಿಮೊನೆಯಷ್ಟು ತೂತು, ಬೆಳೆದದ್ದು ಅಡಿಕೆಯಷ್ಟು ಗಂಟು. ಗಾಯವಾಗಿ ಮೂರು ತಿಂಗಳಿಗೆ ಬರಬಹುದು, ವರ್ಷ ಕಳೆದ ಮೇಲೂ ಬರಬಹುದು. ತಾನಾಗಿ ಇಳಿಯುವುದು ಅಪರೂಪ. ಹೆಸರು ಕೊಟ್ಟವರು 19ನೇ ಶತಮಾನದ ಆರಂಭದ ಫ್ರೆಂಚ್ ವೈದ್ಯ ಅಲಿಬೇರ್. ಏಡಿಯ ಕೊಂಬಿಗೆ ಗ್ರೀಕ್ ಭಾಷೆಯಲ್ಲಿರುವ ಪದದಿಂದ ಅದನ್ನು ಮಾಡಿದರು. ಎದೆಯ ಮೇಲಿನ ಕೀಲಾಯ್ಡ್ ಅಂಚಿನಿಂದ ಕೊಂಬು ಚಾಚಿ ಒಳ್ಳೆಯ ಚರ್ಮವನ್ನು ಹಿಡಿಯುವುದನ್ನು ನೋಡಿದರೆ, ಏಡಿ ಹಿಡಿದು ಗೊತ್ತಿರುವ ಕರಾವಳಿಯವರಿಗೆ ಹೆಸರು ಸರಿಯಾಗಿದೆ ಅನಿಸುತ್ತದೆ.

ಎರಡೂ ಕ್ಯಾನ್ಸರ್ ಅಲ್ಲ. ಎರಡೂ ಅಂಟುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಇದಕ್ಕಾಗಿಯೇ ಮಕ್ಕಳನ್ನು ಬೇರೆ ಟವೆಲ್ ಇಟ್ಟು ದೂರ ಕೂರಿಸುತ್ತಾರೆ. ಆದರೆ ಉಬ್ಬು ಹುಣ್ಣಾಗಿ ರಕ್ತ ಬರುತ್ತಿದ್ದರೆ, ಗಾಯವೇ ಆಗದ ಜಾಗದಲ್ಲಿ ಗಂಟು ಎದ್ದಿದ್ದರೆ, ಅಥವಾ ಕಿವಿ ದಪ್ಪಗಾಗುವುದರ ಜೊತೆ ಮೈಮೇಲೆ ಸ್ಪರ್ಶ ಗೊತ್ತಾಗದ ಮಚ್ಚೆಗಳಿದ್ದರೆ ತಡಮಾಡದೆ ತೋರಿಸಿ. ಅದು ಬೇರೆ ಕಾಯಿಲೆ ಇರಬಹುದು.

ಯಾರಿಗೆ, ಎಲ್ಲಿ?

ಕಪ್ಪು, ಕಂದು ಚರ್ಮದವರಿಗೆ ಜಾಸ್ತಿ. 10ರಿಂದ 30 ವರ್ಷದೊಳಗೆ ಜಾಸ್ತಿ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೂ ಬರುವ ಸಾಧ್ಯತೆ ಹೆಚ್ಚು. ಹರೆಯದಲ್ಲಿ, ಗರ್ಭಿಣಿಯಾಗಿದ್ದಾಗ ಬೇಗ ಬೆಳೆಯಬಹುದು.

ಎದೆಯ ನಡುಭಾಗ, ಭುಜ, ಬೆನ್ನಿನ ಮೇಲ್ಭಾಗ, ದವಡೆ, ಕಿವಿ, ಇವು ಅದಕ್ಕೆ ಪ್ರಿಯವಾದ ಜಾಗಗಳು. ಎದೆ, ಭುಜದ ಚರ್ಮ ಕೈ ಎತ್ತಿದರೂ ಉಸಿರೆಳೆದರೂ ಎಳೆದಾಡುತ್ತದೆ. ಗಾಯದ ಮೇಲೆ ಎಳೆತ ಬಿದ್ದಷ್ಟೂ ನಾರು ಜಾಸ್ತಿ. ಕಿವಿಯ ಹಾಲೆಯಲ್ಲಿ ಅಂಥ ಎಳೆತ ಇಲ್ಲದಿದ್ದರೂ ಬರುತ್ತದೆ, ಆದ್ದರಿಂದ ಎಳೆತವೊಂದೇ ಕಾರಣ ಅನ್ನಲಾಗದು. ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯಲ್ಲಿ ಮಾತ್ರ ತೀರಾ ಅಪರೂಪ.

ಗಾಯ ದೊಡ್ಡದೇ ಇರಬೇಕಂತಿಲ್ಲ. ಮೊಡವೆ ಸಾಕು. ಬಿಸಿಜಿ ಲಸಿಕೆಯ ಗುರುತು ಸಾಕು.

ಮೊದಲ ಮೆಟ್ಟಿಲು: ಸಿಲಿಕೋನ್ ಮತ್ತು ಒತ್ತಡ

ಹೊಸ ಕಲೆಗೆ, ಇನ್ನೂ ಜಾಸ್ತಿ ಉಬ್ಬದ ಕಲೆಗೆ ಇದೇ ಮೊದಲ ಮದ್ದು. ಸಿಲಿಕೋನ್ ಹಾಳೆ ಅಂದರೆ ಮೆತ್ತಗಿನ, ಪಾರದರ್ಶಕವಾದ, ಅಂಟಿಕೊಳ್ಳುವ ತುಂಡು. ಅದು ಕಲೆಯನ್ನು ಮುಚ್ಚಿ ತೇವಾಂಶ ಆರಿಹೋಗದಂತೆ ನೋಡಿಕೊಳ್ಳುತ್ತದೆ. ಚರ್ಮ ಒಣಗುತ್ತಿಲ್ಲ ಅಂತಾದರೆ ಒಳಗೆ ನಾರು ನೇಯುವ ಅವಸರ ಕಡಿಮೆಯಾಗುತ್ತದೆ.

ಗಾಯ ಪೂರ್ತಿ ಕೂಡಿಕೊಂಡ ಮೇಲೆ ಮಾತ್ರ ಹಚ್ಚಬೇಕು. ದಿನಕ್ಕೆ 12 ಗಂಟೆಗಿಂತ ಜಾಸ್ತಿ, ಕಡಿಮೆ ಅಂದರೆ ಎರಡು ಮೂರು ತಿಂಗಳು. ದಿನಾ ತೆಗೆದು ತೊಳೆದು ಮತ್ತೆ ಹಾಕಬೇಕು. ನಮ್ಮ ಕರಾವಳಿಯ ಸೆಕೆಗೆ ಹಾಳೆ ಕೆಳಗೆ ಬೆವರಿ ಬೊಕ್ಕೆ ಏಳಬಹುದು. ಅಂಥವರಿಗೆ, ಮುಖದ ಮೇಲಿನ ಕಲೆ ಇರುವವರಿಗೆ ಟ್ಯೂಬಿನಲ್ಲಿ ಬರುವ ಸಿಲಿಕೋನ್ ಜೆಲ್ ಅನುಕೂಲ. ತೆಳ್ಳಗೆ ಸವರಿ ಒಣಗಲು ಬಿಟ್ಟರಾಯಿತು. ಹಳೆಯ, ದೊಡ್ಡ ಕೀಲಾಯ್ಡ್ ಇದರಿಂದ ಕರಗುತ್ತದೆ ಅಂತ ಮಾತ್ರ ಕಾಯಬೇಡಿ.

ಒತ್ತಡ ಎರಡನೆಯ ಉಪಾಯ. ಕಲೆಯನ್ನು ಒತ್ತಿ ಹಿಡಿದರೆ ಅದಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ, ನಾರಿನ ಕೆಲಸವೂ ನಿಧಾನವಾಗುತ್ತದೆ. ಸುಟ್ಟ ಗಾಯದವರಿಗೆ ಅಳತೆ ತೆಗೆದು ಬಿಗಿಯಾದ ಉಡುಪು ಹೊಲಿಸಿಕೊಡುತ್ತಾರೆ. ದಿನಕ್ಕೆ 23 ಗಂಟೆ ತೊಟ್ಟಿರಬೇಕು, ಸ್ನಾನಕ್ಕೆ ಮಾತ್ರ ಬಿಡುವು. ಹೀಗೆ ಆರು ತಿಂಗಳಿಂದ ಒಂದು ವರ್ಷ. ಕುಮಟಾ, ಅಂಕೋಲಾದ ಏಪ್ರಿಲ್ ಸೆಕೆಯಲ್ಲಿ ಇದು ಎಷ್ಟು ಕಷ್ಟ ಅಂತ ಹೇಳಬೇಕಿಲ್ಲ. ಕಿವಿಗಾದರೆ ಸುಲಭ. ಎರಡು ಕಡೆಯಿಂದ ಒತ್ತುವ ಕ್ಲಿಪ್ಪಿನಂಥ ಓಲೆ ಸಿಗುತ್ತದೆ.

ಸೂಜಿಮದ್ದು: ಹೆಚ್ಚಿನವರಿಗೆ ಮೊದಲು ಕೊಡುವುದು ಇದನ್ನೇ

ಕೀಲಾಯ್ಡ್ ಅಂತ ಖಚಿತವಾದರೆ ಚರ್ಮರೋಗ ತಜ್ಞರು ಸಾಮಾನ್ಯವಾಗಿ ಮೊದಲು ಹೇಳುವುದು ಸ್ಟಿರಾಯ್ಡ್ ಇಂಜೆಕ್ಷನ್. ಔಷಧಿಯ ಹೆಸರು ಟ್ರಯಾಮ್ಸಿನೊಲೋನ್. ಇದನ್ನು ಸೊಂಟಕ್ಕೋ ತೋಳಿಗೋ ಕೊಡುವುದಿಲ್ಲ, ಗಂಟಿನ ಒಳಗೇ ಕೊಡುತ್ತಾರೆ. ಊತ ಇಳಿಸಿ, ಫೈಬ್ರೊಬ್ಲಾಸ್ಟ್‌ಗಳಿಗೆ "ಸಾಕು, ಕೆಲಸ ನಿಲ್ಲಿಸಿ" ಅನ್ನುವ ಮದ್ದು ಇದು.

ಅಕ್ಕನ ಮಗಳ ಜೊತೆ ನಾನೂ ಹೋಗಿದ್ದೆ. ಸಣ್ಣ ಸಿರಿಂಜು, ತೆಳ್ಳಗಿನ ಸೂಜಿ. ಆದರೆ ಔಷಧಿ ಸುಲಭಕ್ಕೆ ಒಳಗೆ ಹೋಗಲೇ ಇಲ್ಲ. ಹಸಿ ಅಡಿಕೆಗೆ ಸೂಜಿ ಚುಚ್ಚಿದ ಹಾಗೆ. ಡಾಕ್ಟರ ಹೆಬ್ಬೆರಳಿನ ತುದಿ ಬಿಳುಚುವಷ್ಟು ಒತ್ತಬೇಕಾಯಿತು. ನಿಧಾನಕ್ಕೆ ಗಂಟು ಬೆಳ್ಳಗಾಯಿತು. ಅವಳು ನನ್ನ ಕೈಯನ್ನು ಹಿಂಡಿ ಹಿಡಿದಿದ್ದಳು. ನೋವಿದೆ, ಇಲ್ಲ ಅನ್ನುವುದಿಲ್ಲ. ಮೊದಲು ಐಸ್ ಇಟ್ಟರೆ, ಅರಿವಳಿಕೆ ಬೆರೆಸಿ ಕೊಟ್ಟರೆ ಸ್ವಲ್ಪ ತಡೆಯಬಹುದು. "ಮುಂದಿನ ಸಲ ಇಷ್ಟು ಗಟ್ಟಿ ಇರಲ್ಲ" ಅಂದರು ಡಾಕ್ಟರು. ಮೂರನೇ ಸಲಕ್ಕೆ ಔಷಧಿ ಸಲೀಸಾಗಿ ಹೋಯಿತು. ತುರಿಕೆ ಅದಕ್ಕೂ ಮೊದಲೇ ನಿಂತಿತ್ತು.

ನಾಲ್ಕರಿಂದ ಆರು ವಾರಕ್ಕೊಮ್ಮೆ, ಹಲವು ಸಲ ಕೊಡಬೇಕು. ಒಂದೆರಡು ಸಲ ಹೋಗಿ "ಏನೂ ಆಗ್ಲಿಲ್ಲ" ಅಂತ ಬಿಡುವವರೇ ಜಾಸ್ತಿ. ಅಲ್ಲಿಗೆ ಬಿಟ್ಟರೆ ಗಂಟು ಮತ್ತೆ ಗಟ್ಟಿಯಾಗುತ್ತದೆ.

ಅಡ್ಡ ಪರಿಣಾಮಗಳೂ ಇವೆ. ಆ ಜಾಗದ ಚರ್ಮ ತೆಳ್ಳಗಾಗಬಹುದು, ಬಿಳಿಚಬಹುದು, ತಗ್ಗು ಬೀಳಬಹುದು, ಸಣ್ಣ ರಕ್ತನಾಳಗಳು ಎದ್ದು ಕಾಣಬಹುದು. ಕೆಲವರಿಗೆ ಮುಟ್ಟಿನ ದಿನ ಹಿಂದೆಮುಂದೆ ಆಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಏರಬಹುದು, ಡಾಕ್ಟರಿಗೆ ಮೊದಲೇ ಹೇಳಿ.

ಸ್ಟಿರಾಯ್ಡ್ ಒಂದರಿಂದಲೇ ಬಗ್ಗದಿದ್ದರೆ ಜೊತೆಗೆ 5-ಫ್ಲೋರೋಯುರಾಸಿಲ್ ಬೆರೆಸುತ್ತಾರೆ. ಇದು ಕ್ಯಾನ್ಸರಿಗೆ ಬಳಸುವ ಔಷಧಿ. ಹೆಸರು ಗೂಗಲ್‌ನಲ್ಲಿ ನೋಡಿ ಹೆದರಿದವರು ಎಷ್ಟೋ ಜನ. ವೇಗವಾಗಿ ಹೆಚ್ಚುವ ಜೀವಕೋಶಗಳನ್ನು ತಡೆಯುವ ಗುಣಕ್ಕಾಗಿ, ಸಣ್ಣ ಪ್ರಮಾಣದಲ್ಲಿ ಗಂಟಿಗಷ್ಟೇ ಇಲ್ಲಿ ಕೊಡುತ್ತಾರೆ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಕೊಡುವುದಿಲ್ಲ.

ಹೆಪ್ಪುಗಟ್ಟಿಸುವುದು, ಲೇಸರ್

ದ್ರವ ಸಾರಜನಕದಿಂದ ಗಂಟನ್ನು ಹೆಪ್ಪುಗಟ್ಟಿಸುವುದಕ್ಕೆ ಕ್ರಯೋಥೆರಪಿ ಅನ್ನುತ್ತಾರೆ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿ ಅದು. ಸಣ್ಣ ಗಂಟುಗಳಿಗೆ ಆದೀತು. ಗುಳ್ಳೆ ಎದ್ದು ಮಾಯಬೇಕು, ನಮ್ಮಂಥ ಕಂದು ಚರ್ಮದಲ್ಲಿ ಬಿಳಿ ಮಚ್ಚೆ ಉಳಿಯುವ ಸಾಧ್ಯತೆಯೂ ಜಾಸ್ತಿ. ಮೊದಲು ಇದರಿಂದ ಮೆತ್ತಗೆ ಮಾಡಿ ಆಮೇಲೆ ಸೂಜಿಮದ್ದು ಕೊಡುವುದೂ ಉಂಟು.

ಲೇಸರ್ ಅಂದರೆ ಒಂದೇ ಯಂತ್ರ ಅಲ್ಲ. ಪಲ್ಸ್‌ಡ್ ಡೈ ಲೇಸರ್ ಕಲೆಯೊಳಗಿನ ರಕ್ತನಾಳಗಳನ್ನು ಹಿಡಿದು ಕೆಂಪು ಮತ್ತು ತುರಿಕೆ ಇಳಿಸುತ್ತದೆ. ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳನ್ನು ಕೊರೆದು, ಸುಟ್ಟ ಗಾಯದ ಬಿಗಿದ ಕಲೆಯನ್ನು ಸಡಿಲ ಮಾಡುತ್ತದೆ. ಆದರೆ ಕೀಲಾಯ್ಡನ್ನು ಲೇಸರಿನಿಂದ ಸುಟ್ಟು ತೆಗೆದು ಅಷ್ಟಕ್ಕೇ ಬಿಟ್ಟರೆ, ಚಾಕುವಿನಿಂದ ಕತ್ತರಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. "ಒಂದೇ ಸಿಟ್ಟಿಂಗ್, ಗ್ಯಾರಂಟಿ" ಅನ್ನುವ ಜಾಹೀರಾತು ಕಂಡರೆ, ಮತ್ತೆ ಬಾರದ ಹಾಗೆ ಆಮೇಲೆ ಏನು ಮಾಡುತ್ತೀರಿ ಅಂತ ಕೇಳಿ.

ಕತ್ತರಿಸಿದರೆ ಯಾಕೆ ವಾಪಸ್ ಬರುತ್ತದೆ?

ಕತ್ತರಿಸುವುದೂ ಒಂದು ಹೊಸ ಗಾಯವೇ ಅಲ್ವಾ? ಸೂಜಿಮೊನೆಯ ಗಾಯಕ್ಕೇ ಅಷ್ಟು ನಾರು ಸುರಿದ ಚರ್ಮ, ಅಡಿಕೆಯಗಲದ ಗಾಯಕ್ಕೆ ಸುಮ್ನೆ ಕೂರುತ್ತದೆಯೇ? ಬರೀ ಕತ್ತರಿಸಿ ಬಿಟ್ಟ ಕೀಲಾಯ್ಡ್ ಮರಳಿ ಬರುವ ಪ್ರಮಾಣ ಬೇರೆ ಬೇರೆ ವೈದ್ಯಕೀಯ ವರದಿಗಳಲ್ಲಿ ಶೇ. 45ರಿಂದ 100ರವರೆಗೆ ಇದೆ. ನಮಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಹುಡುಗಿಗೆ ಒಂದು ವರ್ಷದ ನೋವು ತಪ್ಪುತ್ತಿತ್ತು.

ಹಾಗಂತ ಶಸ್ತ್ರಚಿಕಿತ್ಸೆ ಬೇಡ ಅಂತ ಅಲ್ಲ. ಕಿವಿಯ ದೊಡ್ಡ ಗಂಟಿಗೆ ಅದು ಬೇಕೇ ಆಗುತ್ತದೆ, ಹಿಂದೆ ಕಾವಲು ಇರಬೇಕು ಅಷ್ಟೇ. ಕತ್ತರಿಸಿದ ಜಾಗಕ್ಕೆ ಸ್ಟಿರಾಯ್ಡ್, ಗಾಯ ಮಾಯ್ದ ಮೇಲೆ ತಿಂಗಳುಗಟ್ಟಲೆ ಒತ್ತುವ ಓಲೆ, ನಡುನಡುವೆ ಮತ್ತೆ ಸೂಜಿಮದ್ದು. ಅಕ್ಕನ ಮಗಳಿಗೆ ಎರಡನೇ ಸಲ ಹೀಗೇ ಮಾಡಿದ್ದು.

ಪದೇ ಪದೇ ಬರುವ ಹಟಮಾರಿ ಕೀಲಾಯ್ಡಿಗೆ ಕತ್ತರಿಸಿದ ಒಂದೆರಡು ದಿನದೊಳಗೆ ರೇಡಿಯೇಷನ್ ಕೊಡುವ ಕ್ರಮ ಇದೆ. ಹೊಸ ಫೈಬ್ರೊಬ್ಲಾಸ್ಟ್‌ಗಳು ಕೆಲಸಕ್ಕೆ ಇಳಿಯುವ ಮೊದಲೇ ತಡೆಯುವ ಲೆಕ್ಕ. ಪರಿಣಾಮ ಚೆನ್ನಾಗಿದೆ. ಆದರೆ ಮುಂದೆ ಆ ಜಾಗದಲ್ಲಿ ಕ್ಯಾನ್ಸರ್ ಬರುವ ಸಣ್ಣ ಅಪಾಯ ಇರುವುದರಿಂದ ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವುದಿಲ್ಲ. ಥೈರಾಯ್ಡ್, ಸ್ತನದ ಹತ್ತಿರ ಬಹಳ ಎಚ್ಚರಿಕೆಯಿಂದ ಯೋಚಿಸುತ್ತಾರೆ.

ಸುಟ್ಟ ಗಾಯದ ಕಥೆ ಸ್ವಲ್ಪ ಬೇರೆ. ಅಲ್ಲಿ ತೊಂದರೆ ಬರೀ ಉಬ್ಬಲ್ಲ, ಬಿಗಿತ. ಮೊಣಕೈ, ಕುತ್ತಿಗೆ, ಬೆರಳಿನ ಸಂದಿನ ಕಲೆ ಎಳೆದು ಹಿಡಿದರೆ ಮಡಚಿದ ಕೈ ಮಡಚಿದಂತೆಯೇ ಉಳಿಯುತ್ತದೆ. ಇದಕ್ಕೆ ಮೊದಲಿನಿಂದಲೇ ಫಿಸಿಯೋಥೆರಪಿ ಬೇಕು, ರಾತ್ರಿ ಪಟ್ಟಿ ಕಟ್ಟಿ ನೆಟ್ಟಗೆ ಇಡಬೇಕು. ಬಿಗಿದೇ ಹೋದರೆ ಪ್ಲಾಸ್ಟಿಕ್ ಸರ್ಜನ್ ಕಲೆಯನ್ನು ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ಕೊಯ್ದು ಚರ್ಮದ ತುಂಡುಗಳನ್ನು ಅದಲುಬದಲು ಮಾಡಿ ಹೊಲಿಯುತ್ತಾರೆ. ನೇರ ಗೆರೆ ಅಂಕುಡೊಂಕಾದರೆ ಎಳೆತ ಹಂಚಿಹೋಗುತ್ತದೆ.

ನಂಜು, ಸುಣ್ಣ, ಈರುಳ್ಳಿ

ನಮ್ಮಲ್ಲಿ ಗಾಯವಾದರೆ ಮೊದಲು ನಿಲ್ಲಿಸುವುದು ಊಟ. ಮೀನು ನಂಜು, ಬದನೆ ನಂಜು, ಹಲಸು ನಂಜು. ಆದರೆ ನಾರು ನೇಯಲು, ಅದನ್ನು ಸಮ ಮಾಡಲು ದೇಹಕ್ಕೆ ಪ್ರೋಟೀನು, ಸಿ ಜೀವಸತ್ವ ಬೇಕು. ಮೀನು ತಿಂದರೆ ಕಲೆ ಉಬ್ಬುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅಲರ್ಜಿ ಇದ್ದವರು ಬಿಡಲಿ. ಉಳಿದವರು, ಅದರಲ್ಲೂ ಬಾಣಂತಿಯರು, ಬರೀ ಗಂಜಿ ಉಪ್ಪು ತಿಂದು ಕೂತರೆ ಗಾಯ ಮಾಯುವುದು ಇನ್ನೂ ತಡವಾಗುತ್ತದೆ.

ಗಂಟಿಗೆ ದಾರ ಬಿಗಿಯುವುದು, ಸುಣ್ಣ ಹಚ್ಚುವುದು, ಗೇರುಬೀಜದ ಸಿಪ್ಪೆಯ ಎಣ್ಣೆ ಇಟ್ಟು ಸುಡುವುದು ದಯವಿಟ್ಟು ಬೇಡ. ಗೇರೆಣ್ಣೆ ಒಳ್ಳೆಯ ಚರ್ಮವನ್ನೇ ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. ಆ ಸುಟ್ಟ ಗಾಯದ ಮೇಲೆ ಮತ್ತೊಂದು ಕೀಲಾಯ್ಡ್ ಏಳಬಹುದು. ಈರುಳ್ಳಿ ಸಾರದ ಕ್ರೀಮು, ವಿಟಮಿನ್ ಇ ಎಣ್ಣೆಯಿಂದ ದೊಡ್ಡ ಲಾಭ ಕಂಡಿಲ್ಲ. ವಿಟಮಿನ್ ಇ ಎಣ್ಣೆಗೆ ಕೆಲವರ ಚರ್ಮ ಅಲರ್ಜಿಯಾಗಿ ಕೆಂಪೇರುತ್ತದೆ.

ಗಾಯವಾದ ದಿನವೇ ಮಾಡಬಹುದಾದ್ದು

ಮಲೆನಾಡಿನ ಸುಗ್ಗಿಯಲ್ಲಿ ಸುಡುವ ಸಾಮಾನು ಬಹಳ. ಅಡಿಕೆ ಬೇಯಿಸುವ ಹಂಡೆ, ಕುದಿಯುವ ಚೊಗರು, ಆಲೆಮನೆಯ ಕೊಪ್ಪರಿಗೆ. ಬಿಸಿ ಬೆಲ್ಲ ನೀರಿಗಿಂತ ಕೆಟ್ಟದ್ದು, ಯಾಕೆಂದರೆ ಅದು ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಸುಟ್ಟ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಪೇಸ್ಟ್, ತುಪ್ಪ, ಶಾಯಿ ಬೇಡ. ಮಂಜುಗಡ್ಡೆಯೂ ಬೇಡ. ಸುಟ್ಟ ಗಾಯ ಮಾಯಲು ಮೂರು ವಾರಕ್ಕಿಂತ ಜಾಸ್ತಿ ಹಿಡಿದರೆ ಕಲೆ ಉಬ್ಬುವ ಸಾಧ್ಯತೆ ಬಹಳ ಹೆಚ್ಚು. ಹಾಗಾಗಿ "ತಾನಾಗಿ ಒಣಗಲಿ" ಅಂತ ಕಾಯುವುದಕ್ಕೆ ಆ ಮೂರು ವಾರವೇ ಗಡುವು, ದೊಡ್ಡ ಗಾಯಕ್ಕೆ ಅಷ್ಟೂ ಕಾಯಬಾರದು.

ಮೆಟ್ಟುಗತ್ತಿ ತಾಗಿದ ಗಾಯವಾಗಲಿ, ಆಪರೇಷನ್ ಹೊಲಿಗೆಯಾಗಲಿ, ತೊಳೆದು ಸ್ವಚ್ಛ ಇಡಿ, ಪೆಟ್ರೋಲಿಯಂ ಜೆಲ್ಲಿ ಸವರಿ ಮುಚ್ಚಿಡಿ. ಹಕ್ಕಳೆ ಕೀಳಬೇಡಿ. ಕೂಡಿಕೊಂಡ ಮೇಲೆ ಕಾಗದದ ಮೆಡಿಕಲ್ ಟೇಪನ್ನು ಉದ್ದಕ್ಕೂ ಅಂಟಿಸಿ ಕೆಲವು ತಿಂಗಳು ಇಟ್ಟರೆ ಎಳೆತ ಕಡಿಮೆಯಾಗುತ್ತದೆ. ಬಿಸಿಲಿಗೆ ಒಡ್ಡಿದರೆ ಹೊಸ ಕಲೆ ಕಪ್ಪಾಗುತ್ತದೆ, ಬಟ್ಟೆ ಮುಚ್ಚಿಕೊಳ್ಳಿ.

ಒಮ್ಮೆ ಕೀಲಾಯ್ಡ್ ಬಂದವರು, ಮನೆಯಲ್ಲಿ ಯಾರಿಗಾದರೂ ಇರುವವರು, ಬೇಡದ ಕಡೆ ಚುಚ್ಚಿಸಿಕೊಳ್ಳುವುದನ್ನು, ಹಚ್ಚೆ ಹಾಕಿಸುವುದನ್ನು ಬಿಡುವುದೇ ಒಳ್ಳೆಯದು.

ಎಲ್ಲಿ ತೋರಿಸುವುದು?

ಮೊದಲು ಚರ್ಮರೋಗ ತಜ್ಞರಿಗೆ. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ನಾವು ಕ್ರಿಮ್ಸ್ ಅನ್ನುವುದು, ಅಲ್ಲಿ ಚರ್ಮರೋಗ ಮತ್ತು ಸರ್ಜರಿ ವಿಭಾಗ ಎರಡೂ ಇವೆ. ರೇಡಿಯೇಷನ್, ದೊಡ್ಡ ಪ್ಲಾಸ್ಟಿಕ್ ಸರ್ಜರಿ ಬೇಕಾದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರಿನ ದಾರಿ ಹಿಡಿಯಬೇಕಾಗುತ್ತದೆ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್. ತಿಂಗಳಿಗೊಮ್ಮೆ ಹೋಗುವ ಚಿಕಿತ್ಸೆಗೆ ಬಸ್ಸಿನ ಖರ್ಚು, ಕೂಲಿ ತಪ್ಪುವ ದಿನ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲೇ ಇವನ್ನು ಕೇಳಿ: ನನ್ನದು ಯಾವ ಜಾತಿಯ ಕಲೆ? ಒಟ್ಟು ಎಷ್ಟು ಸಲ ಬರಬೇಕು? ಒಂದು ಸಲಕ್ಕೆ ಎಷ್ಟು ಖರ್ಚು? ಹತ್ತಿರದ ತಾಲೂಕು ಆಸ್ಪತ್ರೆಯಲ್ಲೇ ಸೂಜಿಮದ್ದು ಮುಂದುವರಿಸಬಹುದಾ?

ಗುರಿ ಏನು ಅನ್ನುವುದನ್ನೂ ಕೇಳಿಕೊಳ್ಳಿ. ಕಲೆ ಮಾಯವಾಗುವುದಿಲ್ಲ. ಚಪ್ಪಟೆಯಾಗುತ್ತದೆ, ಮೆತ್ತಗಾಗುತ್ತದೆ, ತುರಿಕೆ ನೋವು ನಿಲ್ಲುತ್ತದೆ. ಇಳಿದ ಮೇಲೂ ಎರಡು ವರ್ಷ ಕಣ್ಣಿಟ್ಟಿರಬೇಕು. ಮತ್ತೆ ಗಟ್ಟಿಯಾಗುತ್ತಿದೆ ಅನಿಸಿದ ಕೂಡಲೇ ಹೋದರೆ ಒಂದೆರಡು ಸೂಜಿಯಲ್ಲಿ ಮುಗಿಯಬಹುದು.

ಅಕ್ಕನ ಮಗಳ ಕಿವಿಯಲ್ಲಿ ಈಗ ಬೆರಳಿಗೆ ಸಿಗುವಷ್ಟು ಒಂದು ಗೆರೆ ಇದೆ, ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಬಿಳಿ. ಆ ಮಗ್ಗುಲಲ್ಲೇ ಮಲಗುತ್ತಾಳೆ. ತಿಂಗಳಿಗೊಮ್ಮೆ ಬೆರಳಾಡಿಸಿ ನೋಡಿಕೊಳ್ಳುತ್ತಾಳೆ. ಕಳೆದ ತಿಂಗಳು ಅಪೆಂಡಿಕ್ಸ್ ಆಪರೇಷನ್ ಅಂತ ಆಸ್ಪತ್ರೆಗೆ ಸೇರಿಸಿದಾಗ, ಹೊಟ್ಟೆನೋವಿನಲ್ಲೂ ಅವಳು ಸರ್ಜನ್‌ಗೆ ಮೊದಲು ಹೇಳಿದ ಮಾತು: "ಡಾಕ್ಟ್ರೇ, ನನಗೆ ಕೀಲಾಯ್ಡ್ ಬರ್ತದೆ." ಅವರು ಅದನ್ನು ಕೇಸ್ ಶೀಟಿನ ಮೇಲ್ಗಡೆಯೇ ಬರೆದುಕೊಂಡರು. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಕೂಡಿಕೊಂಡ ದಿನದಿಂದಲೇ ಸಿಲಿಕೋನ್ ಹಾಳೆ ಹಚ್ಚಲು ಹೇಳಿ ಕಳಿಸಿದರು.